ಮಾತು ಎತ್ತಿಕೊಡುವ ಹುಡುಗ

ಕಳೆದ ವರ್ಷ ಆಗಸ್ಟ್ ತಿಂಗಳಿನ ಒಂದು ಮುಂಜಾನೆ. ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ವರ್ಗಗಳಿಗೆ ಹೋಗುತ್ತಿದ್ದರು. ಎಂಟನೆಯ ವರ್ಗದ ಒಬ್ಬ ಹುಡುಗನ ತಂದೆ ಗೇಟಿನ ಹತ್ತಿರ ಬೈಕು ನಿಲ್ಲಿಸಿ ನೇರ ನನ್ನ ಕಡೆ ಬಂದರು. ಹೆಗಲ ಮೇಲೆ ಟವೆಲ್ಲು, ಕಾಲಿಗೆ ಹೊಲದ ಎರಿಮಣ್ಣು. ನಮಸ್ಕಾರ ಮಾಡಿದವರೇ ವಿಷಯಕ್ಕೆ ಬಂದರು.

"ಸರ, ನಮ್ಮ ಹುಡುಗನ್ನ ನಾಟಕದಾಗಿಂದ ತಗದ ಬಿಡ್ರಿ. ಮೊದಲ ಓದಿನಾಗ ಹಿಂದ ಅದಾನ. ನಾಟಕಾ ಆಡಿ ಏನ ಕಡದ ಕಟ್ಟಿ ಹಾಕೂದೈತ್ರಿ?"

ನಾವು ಆಗ ಪ್ರೌಢಶಾಲಾ ಮಕ್ಕಳ ವಿಜ್ಞಾನ ನಾಟಕ ಸ್ಪರ್ಧೆಗೆ ತಯಾರಿ ನಡೆಸಿದ್ದೆವು. ನಾವು ಆರಿಸಿಕೊಂಡದ್ದು ಸೆಮ್ಮೆಲ್‌ವೈಸ್ ಎಂಬ ವೈದ್ಯನ ಕಥೆ. 1847ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮಾಡಿಸುವುದೇ ಇದಕ್ಕೆ ಕಾರಣವೆಂದು ತರ್ಕಿಸಿದ ಈತ, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆದುಕೊಳ್ಳಬೇಕೆಂದು ಕಟ್ಟಳೆ ಮಾಡಿದ. ಸಾವು ಇಳಿದವು. ಆದರೂ ಅನೇಕ ಹಿರಿಯ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ಈ ಸೆಮ್ಮೆಲ್‌ವೈಸನ ಪಾತ್ರವೇ ಆ ಹುಡುಗನದು. ಮೂರೇ ದಿನದಲ್ಲಿ ತನ್ನ ಮಾತಷ್ಟೇ ಅಲ್ಲ, ಉಳಿದವರ ಮಾತೂ ಅವನಿಗೆ ಬಾಯಿಪಾಠವಾಗಿತ್ತು. ಅಂಥ ಹುಡುಗನನ್ನು ತೆಗೆಯಿರಿ ಎಂದರೆ ಯಾವ ಮಾಸ್ತರನಿಗೆ ಮನಸ್ಸು ಬಂದೀತು?

"ನಾಳೆ ಮಾತಾಡೋಣ್ರಿ" ಎಂದು ಅವರನ್ನು ಕಳಿಸಿದೆ. ನನ್ನ ಹತ್ತಿರ ಉತ್ತರ ಇರಲಿಲ್ಲವೆಂದಲ್ಲ. ಆ ಹುಡುಗನ ಬಗ್ಗೆ ಹಿಂದಿನ ದಿನವಷ್ಟೇ ನನಗೊಂದು ಅನುಮಾನ ಹುಟ್ಟಿತ್ತು. ಅದೇನೆಂದು ಹೇಳಬೇಕಾದರೆ ನಲವತ್ತು ವರ್ಷ ಹಿಂದಕ್ಕೆ, ನಮ್ಮೂರಿನ ನಾಟಕದ ತಾಲೀಮಿಗೆ ಹೋಗಬೇಕು.

ನಮ್ಮೂರು ನವಲಗುಂದ ತಾಲ್ಲೂಕಿನದು. ಬೆಣ್ಣಿಹಳ್ಳದ ಆಸುಪಾಸಿನ ಎರಿ ನೆಲ. ಮಳೆ ಬಂದರೆ ಕಾಲು ಕಿತ್ತಿಡಲಾಗದ ರಾಡಿ, ಬೇಸಿಗೆಗೆ ಅಂಗೈ ತೂರುವಷ್ಟು ಅಗಲದ ಬಿರುಕು. ಹತ್ತಿ, ಬಿಳಿಜೋಳ, ಗೋದಿ, ಕಡಲೆ, ಕುಸುಬೆ ನಮ್ಮ ಬೆಳೆಗಳು. ಸುಗ್ಗಿ ಮುಗಿದು ಹತ್ತಿ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ಊರಿನ ತರುಣರ ಬಾಯಲ್ಲಿ ಒಂದೇ ಮಾತು: "ಈ ಸಲ ಜಾತ್ರಿಗೆ ಯಾವ ನಾಟಕಾ?"

ನಾಟಕ ಎಂಬುದು ನಮ್ಮ ಕಡೆಗೆ ಹೊಸದಲ್ಲ. 1870ರ ದಶಕದಲ್ಲಿಯೇ ಗದಗಿನಲ್ಲಿ ಶಾಂತಕವಿಗಳು ನಾಟಕ ಮಂಡಳಿ ಕಟ್ಟಿ ಕನ್ನಡದಲ್ಲಿ ನಾಟಕ ಆಡಿಸಿದರು. ಅದು ಮರಾಠಿ ನಾಟಕಗಳು ಈ ಭಾಗವನ್ನು ಆಳುತ್ತಿದ್ದ ಕಾಲ. 1904ರಲ್ಲಿ ಧಾರವಾಡದಲ್ಲಿ ಮುದವೀಡು ಕೃಷ್ಣರಾಯರು ಮತ್ತು ಗೆಳೆಯರ ಭಾರತ ಕಲೋತ್ತೇಜಕ ಸಂಗೀತ ಸಮಾಜ ಹುಟ್ಟಿತು. ಬೆಂಗಳೂರಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಬಂದದ್ದು ಅದಾದ ಮೇಲೆ, 1909ರಲ್ಲಿ. ಮುಂದೆ ಧಾರವಾಡದಲ್ಲಿಯೇ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಶ್ರೀರಂಗರು ಹವ್ಯಾಸಿಗಳಿಗೆಂದೇ ಸಾಲುಸಾಲು ನಾಟಕ ಬರೆದರು. ಮನೋಹರ ಗ್ರಂಥಮಾಲೆಯ ಜಿ. ಬಿ. ಜೋಶಿಯವರು ಇತರರ ನಾಟಕಗಳನ್ನು ಅಚ್ಚು ಹಾಕಿಸಿದ್ದಲ್ಲದೆ ತಾವೂ ಬರೆದರು.

ನಮ್ಮೂರಿನವರಿಗೆ ಇದಾವುದೂ ಗೊತ್ತಿರಲಿಲ್ಲ. 'ಹವ್ಯಾಸಿ' ಎಂಬ ಶಬ್ದವನ್ನೂ ಅವರು ಕೇಳಿದವರಲ್ಲ. ಅವರಿಗೆ ಗೊತ್ತಿದ್ದದ್ದು ಕಂಪನಿ ನಾಟಕ. ಏಣಗಿ ಬಾಳಪ್ಪನವರ ಬಸವೇಶ್ವರನನ್ನು ನೋಡಲು ಚಕ್ಕಡಿ ಕಟ್ಟಿಕೊಂಡು ಹೋಗಿ ಬಂದ ಕಥೆಯನ್ನು ಹಿರಿಯರು ಹತ್ತು ಸಲ ಹೇಳುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಸೀರೆ ಉಟ್ಟು ರಂಗಕ್ಕೆ ಬಂದರೆ ಗಂಡಸು ಎಂದು ಹೇಳಿದರೂ ಯಾರೂ ನಂಬುತ್ತಿರಲಿಲ್ಲವಂತೆ. ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರಂಥ ಶಿಷ್ಯರಿಗೆ ಸಂಗೀತ ಕಲಿಸಿದ ಆ ಮಹಾನುಭಾವರು ಅದಕ್ಕೂ ಮೊದಲು ಮರಾಠಿ ನಾಟಕಗಳ ಹೆಸರಾಂತ ನಟರು ಎಂಬುದನ್ನು ಇಂದಿನ ಎಷ್ಟೋ ಮಕ್ಕಳು ಅರಿಯರು.

ಕಂಪನಿ ನೋಡಿ ಬಂದವರು 'ನಾವೂ ಯಾಕ ಆಡಬಾರದು' ಎಂದುಕೊಂಡು ಶುರು ಮಾಡಿದ್ದೇ ನಮ್ಮೂರಿನ ನಾಟಕ. ಸಂಘಕ್ಕೆ ನೋಂದಣಿ ಇರಲಿಲ್ಲ, ಅಧ್ಯಕ್ಷರಿರಲಿಲ್ಲ. ಮೊದಲು ಪಟ್ಟಿ ಎತ್ತುವುದು. ಶಕ್ತ್ಯಾನುಸಾರ ಮನೆಗೆ ಇಷ್ಟು ಅಂತ. ನಂತರ ಬೇರೆ ಊರಿನಿಂದ ಒಬ್ಬ ಪೇಟಿ ಮಾಸ್ತರರನ್ನು ಕರೆತರುವುದು. ಪೇಟಿ ಬಾರಿಸುವವರೂ ಅವರೇ, ಹಾಡು ಕಲಿಸುವವರೂ ಅವರೇ, ನಿರ್ದೇಶಕರೂ ಅವರೇ. ಎರಡು ತಿಂಗಳು ಅವರ ವಸ್ತಿ ಗುಡಿಯ ಪಡಸಾಲೆಯಲ್ಲಿ. ಊಟ ದಿನಕ್ಕೊಂದು ಮನೆಯಲ್ಲಿ ಪಾಳಿಯ ಪ್ರಕಾರ. ಮಾಸ್ತರರು ಬರುವ ದಿನ ನಮ್ಮ ಮನೆಯಲ್ಲಿ ಅವ್ವ ತುಂಬಗಾಯಿ ಬದನೆಕಾಯಿ ಪಲ್ಯ ಮಾಡುತ್ತಿದ್ದಳು. ಹೀಗಾಗಿ ಅವರು ಯಾವಾಗ ಬಂದಾರು ಎಂದು ನಾನು ಬೆರಳು ಮಡಿಚಿ ಎಣಿಸುತ್ತಿದ್ದೆ.

ರಾತ್ರಿ ಉಂಡು ಒಂಬತ್ತು ಗಂಟೆಗೆ ತಾಲೀಮು. ಮುಗಿಯುವ ಹೊತ್ತಿಗೆ ಹನ್ನೆರಡು, ಒಂದು. ನಡುವೆ ಚುರಮರಿ, ಮಿರ್ಚಿ ಭಜಿ, ಚಹಾ. ಯಾರ ಮನೆಯಲ್ಲಿ ಎಮ್ಮೆ ಈಯಿತೋ ಅವರಿಂದ ಗಿಣ್ಣದ ಹಾಲು. ಮಾಡಿದ ಜಗಳಗಳೂ ಅಷ್ಟೇ. ರಾಜನ ಪಾತ್ರಕ್ಕೆ ಇಬ್ಬರು ಅಣ್ಣತಮ್ಮಂದಿರು ಹಟ ಹಿಡಿದು ಆರು ತಿಂಗಳು ಮಾತು ಬಿಟ್ಟದ್ದುಂಟು. ತಾಲೀಮಿನಲ್ಲಿ ಗೆಳೆಯರಾದವರು ಬೀಗರಾದದ್ದೂ ಉಂಟು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ತಾಲೀಮಿನ ಜಮಖಾನೆಯ ಮೇಲೆ ಎಲ್ಲ ಓಣಿಯವರೂ ಕೂಡುತ್ತಿದ್ದರು. ಧ್ವನಿ ಚೆನ್ನಾಗಿದ್ದವನಿಗೆ ಪಾತ್ರ, ಅದರಲ್ಲಿ ಜಾತಿ ನೋಡುತ್ತಿರಲಿಲ್ಲ. ಹೊಲದ ಒಡೆಯ ಸೇವಕನಾಗಿ ಕೈಮುಗಿದು ನಿಂತರೆ, ಅವನ ಮನೆಯ ಆಳು ಸಿಂಹಾಸನದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂಡುತ್ತಿದ್ದ. ಆದರೆ ಚಹಾದ ಹೊತ್ತಿಗೆ ಕೆಲವರ ಕಪ್ಪು ಬೇರೆಯಾಗಿಯೇ ಇರುತ್ತಿತ್ತು. ಮುಂಜಾನೆಯಾದರೆ ರಾಜ ಮತ್ತೆ ಆಳು. ನಾಟಕ ಎಲ್ಲವನ್ನೂ ಬದಲಿಸಿತು ಎಂದು ಹೇಳಿದರೆ ಅದು ಸುಳ್ಳಾದೀತು. ರಾತ್ರಿ ಮೂರು ತಾಸಿನ ಮಟ್ಟಿಗೆ ಬದಲಿಸುತ್ತಿತ್ತು, ಅಷ್ಟೇ.

ಹೆಣ್ಣಿನ ಪಾತ್ರ ಮಾಡುವವರು ಗದಗ, ಹುಬ್ಬಳ್ಳಿಯ ಕಡೆಯಿಂದ ಬರುತ್ತಿದ್ದರು. ಒಂದು ಸಲ ಬಂದಾಕೆಗೆ ವಸ್ತಿಗೆ ಮನೆ ಕೊಡಲು ಊರಿನವರು ಹಿಂದೆಮುಂದೆ ನೋಡಿದರು. ಆಕೆಯ ಆಟ ನೋಡಲು ಮುಂದಿನ ಸಾಲಿನಲ್ಲಿ ಕೂಡುವವರಿಗೇ ಆಕೆ ತಮ್ಮ ಮನೆಯ ಪಡಸಾಲೆಯಲ್ಲಿ ಕೂಡುವುದು ಬೇಡವಾಗಿತ್ತು. ಅವ್ವ ಯಾರನ್ನೂ ಕೇಳದೆ ಕರೆದು ತಂದು ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಡಿಸಿದಳು. ಬಗಲಲ್ಲಿ ಎರಡು ವರ್ಷದ ಕೂಸು. ಆಕೆ ಉಣ್ಣುವಾಗ ಅವ್ವ ಕೂಸನ್ನು ಎತ್ತಿಕೊಂಡಿದ್ದಳು. ಆಕೆಗೆ ಎಷ್ಟೋ ನಾಟಕಗಳ ಮಾತು ಬಾಯಲ್ಲೇ ಇದ್ದವು. "ಯಾವ ನಾಟಕಾ?" ಎಂದು ಕೇಳಿ, ಒಂದೇ ತಾಲೀಮು ಮಾಡಿ, ರಾತ್ರಿ ರಂಗಕ್ಕೆ ಏರಿದಳು.

ನಮ್ಮೂರಿನ ಮೆಚ್ಚಿನ ನಾಟಕಗಳು ಎರಡು. ಒಂದು ಪಿ. ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್'. 1974ರಲ್ಲಿ ರಾಜಕುಮಾರ್ ಅವರ ಸಿನೆಮಾ ಆದದ್ದು ಇದೇ ನಾಟಕ. ಇನ್ನೊಂದು ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'. ಭಾರತ ಯುದ್ಧದ ಕೊನೆಗೆ ಅಶ್ವತ್ಥಾಮ ಪಾಂಡವರ ಪಾಳೆಯಕ್ಕೆ ನುಗ್ಗಿದ ಆ ಭಯಂಕರ ರಾತ್ರಿಯ ಕಥೆ. ಮೊದಲನೆಯದಕ್ಕೆ ಧೋತರ, ಪಟಗ ಇದ್ದರೆ ನಡೆದೀತು. ಎರಡನೆಯದಕ್ಕೆ ಕಿರೀಟ, ಗದೆ, ಸೀನು ಎಲ್ಲ ಬಾಡಿಗೆಗೆ ತರಬೇಕು. ಆದ್ದರಿಂದ ಹತ್ತಿ ಚೆನ್ನಾಗಿ ಬೆಳೆದ ವರ್ಷ 'ರಕ್ತರಾತ್ರಿ', ಸಾಧಾರಣ ವರ್ಷ 'ಸಂಪತ್ತಿಗೆ ಸವಾಲ್'. ಮಳೆಯ ಲೆಕ್ಕವನ್ನು ಜಾತ್ರೆಯ ಹ್ಯಾಂಡಬಿಲ್ ನೋಡಿಯೇ ಹೇಳಬಹುದಾಗಿತ್ತು.

ವಿಜ್ಞಾನ ಕಲಿಸುವ ನನಗೆ ಈಗ ಅನ್ನಿಸುತ್ತದೆ: ನನ್ನ ಮೊದಲ ಪ್ರಯೋಗಶಾಲೆ ಆ ರಂಗವೇ. ಗ್ಯಾಸಬತ್ತಿಯನ್ನು ತೆಗೆದುಕೊಳ್ಳಿ. ಪಂಪು ಹೊಡೆದರೆ ಗಾಳಿಯ ಒತ್ತಡಕ್ಕೆ ಸೀಮೆಎಣ್ಣೆ ಮೇಲೇರುತ್ತದೆ, ಕಾದ ನಳಿಕೆಯಲ್ಲಿ ಆವಿಯಾಗಿ ಗಾಳಿಯೊಡನೆ ಬೆರೆತು ಉರಿಯುತ್ತದೆ. ಆದರೆ ಬೆಳಕು ಕೊಡುವುದು ಆ ಉರಿಯಲ್ಲ, ಅದರ ಸುತ್ತಲಿನ ಮ್ಯಾಂಟಲ್ಲು. ಥೋರಿಯಂ ಮತ್ತು ಸೀರಿಯಂ ಲವಣಗಳಲ್ಲಿ ಅದ್ದಿದ ಬಟ್ಟೆಯದು. ಮೊದಲ ಸಲ ಹೊತ್ತಿಸಿದಾಗ ಬಟ್ಟೆ ಸುಟ್ಟುಹೋಗಿ ಆಕ್ಸೈಡಿನ ಜಾಳಿಗೆ ಉಳಿಯುತ್ತದೆ. ಅದು ಕಾದು ಬೆಳ್ಳಗೆ ಬೆಳಗುತ್ತದೆ. ಆಸ್ಟ್ರಿಯಾದ ವೆಲ್ಸ್‌ಬಾಕ್ ಇದನ್ನು 1891ರಲ್ಲಿ ಪಕ್ಕಾ ಮಾಡಿದ. ಬೆರಳು ತಗಲಿದರೆ ಬೂದಿ. ನಾಟಕದ ರಾತ್ರಿ ಮ್ಯಾಂಟಲ್ಲು ಒಡೆದ ಹುಡುಗನಿಗೆ ಬಿದ್ದ ಏಟು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆ ಹುಡುಗ ನಾನೇ.

ರಾಳದ ಪುಡಿಯನ್ನು ಪಂಜಿನ ಮೇಲೆ ಎರಚಿದರೆ ಭಗ್ಗೆಂದು ಬೆಂಕಿಯ ಮೋಡ ಏಳುತ್ತಿತ್ತು. ಅದೇ ರಾಳದ ಗಟ್ಟಿಯನ್ನಿಟ್ಟರೆ ಮೆಲ್ಲಗೆ ಉರಿಯುತ್ತದೆ. ಪುಡಿಯಾದಷ್ಟೂ ಗಾಳಿ ತಾಕುವ ಮೈ ಹೆಚ್ಚು ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸಲು ನನಗೆ ಇಂದಿಗೂ ಆಗಿಲ್ಲ. ಗುಡುಗಿಗೆ ತಗಡು ಅಲುಗಿಸುವುದು. ಕರೆಂಟು ಬಂದ ಮೇಲೆ ಉಪ್ಪುನೀರಿನ ಡಿಮ್ಮರು. ಉಪ್ಪು ನೀರಿನಲ್ಲಿ ಎರಡು ಲೋಹದ ಪಟ್ಟಿ, ಒಂದನ್ನು ಕೆಳಗಿಳಿಸಿದಷ್ಟೂ ದೀಪ ಹೊಳೆಯುತ್ತಿತ್ತು, ಮೇಲೆತ್ತಿದರೆ ಮಂಕಾಗುತ್ತಿತ್ತು. ಬಲು ಅಪಾಯದ ಕೆಲಸ. ಮಕ್ಕಳೇ, ಇದನ್ನು ಯಾರೂ ಮನೆಯಲ್ಲಿ ಮಾಡಿ ನೋಡಬಾರದು. ಹಿಂದಿನ ಬಯಲಾಟದವರು ಮುಖಕ್ಕೆ ಬಳಿಯುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇತ್ತೆಂಬುದು ನನಗೆ ತಿಳಿದದ್ದು ಬಿ.ಎಸ್ಸಿ.ಗೆ ಬಂದ ಮೇಲೆ.

ಆದರೆ ನನ್ನ ನಿಜವಾದ ಕೆಲಸ ಬೇರೆಯದು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕುಳಿತು, ಪಾತ್ರಧಾರಿ ತಡವರಿಸಿದಾಗ ಮಾತು ಎತ್ತಿಕೊಡುವುದು. 1979ರಲ್ಲಿ, ಹನ್ನೊಂದರ ವಯಸ್ಸಿಗೆ, ಆ ಕೆಲಸ ನನಗೆ ಸಿಕ್ಕಿತು. ಕಾರಣ ಇಷ್ಟೇ: ಊರಲ್ಲಿ ತಡೆಯಿಲ್ಲದೆ ಓದಬಲ್ಲ ಹಿರಿಯರಿಗೆಲ್ಲ ಪಾತ್ರ ಬೇಕಾಗಿತ್ತು.

ಪುಸ್ತಕ ಒಂದೇ ಇರುತ್ತಿತ್ತು. ಅದರಿಂದ ಪ್ರತಿಯೊಬ್ಬನ ಮಾತನ್ನು, ಅದಕ್ಕೆ ಮುಂಚಿನವನ ಕೊನೆಯ ಎರಡು ಶಬ್ದಗಳ ಸಮೇತ, ಬೇರೆ ಬೇರೆ ವಹಿಗಳಲ್ಲಿ ಬರೆದುಕೊಡುವುದೂ ನನ್ನ ಕೆಲಸವೇ. ಮುಂದೆ ಓದಿದಾಗ ತಿಳಿಯಿತು, ಷೇಕ್ಸ್‌ಪಿಯರನ ಕಾಲದ ಇಂಗ್ಲೆಂಡಿನಲ್ಲಿಯೂ ಹೀಗೆಯೇ ಮಾಡುತ್ತಿದ್ದರಂತೆ. ನಟನ ಮಾತನ್ನಷ್ಟೇ ಬರೆದ ಕಾಗದದ ಸುರುಳಿ ಅವನ ಕೈಗೆ. ಸುರುಳಿಗೆ ರೋಲ್ ಎಂದು ಹೆಸರು. ಪಾತ್ರಕ್ಕೆ ನಾವು ಇಂದಿಗೂ ರೋಲ್ ಎನ್ನುತ್ತೇವಲ್ಲ, ಅದರ ಮೂಲ ಈ ಸುರುಳಿಯೇ.

ಈಗ ಅಶ್ವತ್ಥಾಮನ ವಿಷಯಕ್ಕೆ ಬರುತ್ತೇನೆ. ಅವನ ನಿಜವಾದ ಹೆಸರು ಇಲ್ಲಿ ಬೇಡ. ಊರವರೂ ಅವನನ್ನು ಪಾತ್ರದ ಹೆಸರಿನಿಂದಲೇ ಕರೆಯುತ್ತಿದ್ದರು. ನಾನು ಕಾಕಾ ಎನ್ನುತ್ತಿದ್ದೆ. ಎರಡೆಕರೆ ಹೊಲ, ಉಳಿದ ದಿನ ಕೂಲಿ. ಎತ್ತರದ ಆಳು. ಧ್ವನಿ ಎತ್ತಿದರೆ ಕೆರೆಯ ದಂಡೆಗೆ ಕೇಳಬೇಕು. ತಾಲೀಮಿನಲ್ಲಿ ಎಲ್ಲರಂತೆ ಅವನೂ ವಹಿಯನ್ನು ಕೈಯಲ್ಲಿ ಹಿಡಿದಿರುತ್ತಿದ್ದ. ಸರಿಯಾದ ಹೊತ್ತಿಗೆ ಹಾಳೆ ತಿರುವುತ್ತಿದ್ದ. ಆದರೆ ಅವನಿಗೆ ಓದಲು ಬರುತ್ತಿರಲಿಲ್ಲ.

ಇದು ನನಗೊಬ್ಬನಿಗೇ ಗೊತ್ತು. ಮುಂಜಾನೆ ನಾನು ಕೆರೆಗೆ ನೀರಿಗೆ ಹೋದಾಗ ಅವನು ದಂಡೆಯ ಮೇಲೆ ಕಾಯುತ್ತಿದ್ದ. "ತಮ್ಮಾ, ಒಂದಿಷ್ಟ ಓದ" ಎನ್ನುತ್ತಿದ್ದ. ಮೂರು ಸಲ ಓದಿದರೆ ಸಾಕು. ನಾಲ್ಕನೆಯ ಸಲ ಅವನೇ ಹೇಳುತ್ತಿದ್ದ, ಒಂದು ಅಕ್ಷರ ಅತ್ತಿತ್ತ ಆಗುತ್ತಿರಲಿಲ್ಲ. ನಾನು ಎಲ್ಲಿ ಉಸಿರು ತೆಗೆದುಕೊಂಡೆನೋ ಅಲ್ಲಿ ಅವನೂ ತೆಗೆದುಕೊಳ್ಳುತ್ತಿದ್ದ. ನನ್ನ ಕಿಸೆಗೆ ಒಂದು ಹಿಡಿ ಹುರಿದ ಶೇಂಗಾ ಹಾಕಿ ಹೊಲಕ್ಕೆ ಹೋಗುತ್ತಿದ್ದ. ಯಾರಿಗೂ ಹೇಳಬೇಡ ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ಹೇಳುವುದಿಲ್ಲ ಎಂಬ ನಂಬಿಕೆ ಇತ್ತು.

1980ರ ಜುಲೈ 21ರಂದು ನವಲಗುಂದದಲ್ಲಿ ಗೋಲಿಬಾರ ಆಯಿತು. ಮಲಪ್ರಭಾ ನೀರಾವರಿಯ ಕರದ ವಿರುದ್ಧ ಎದ್ದ ರೈತರ ಚಳವಳಿ ಅದು. ಊರೂರಿನಲ್ಲಿ ಸಿಟ್ಟು, ಹೆದರಿಕೆ. ಮರುವರ್ಷ ನಮ್ಮೂರಲ್ಲಿ ತಾಲೀಮು ನಡೆಯಲಿಲ್ಲ. ಯಾರಿಗೂ ಪಟ್ಟಿ ಎತ್ತುವ ಮನಸ್ಸಿರಲಿಲ್ಲ. 1982ರಲ್ಲಿ ಮತ್ತೆ 'ರಕ್ತರಾತ್ರಿ' ಎಂದು ನಿರ್ಧಾರವಾಯಿತು. ಆಗ ನಾನು ಎಂಟನೆಯ ವರ್ಗ. ಮೂರು ವರ್ಷದಿಂದ ಪುಸ್ತಕ ಹಿಡಿದವನು. ನಾಟಕ ನಡೆಯುವುದೇ ನನ್ನಿಂದ ಎಂಬ ಸೊಕ್ಕು ಮೆಲ್ಲಗೆ ಏರಿತ್ತು.

ಜಾತ್ರೆಗೆ ಇನ್ನು ಎಂಟು ದಿನ. ಪೇಟಿ ಮಾಸ್ತರರು ಅಶ್ವತ್ಥಾಮನ ಒಂದು ಮಾತನ್ನು ತಾವೇ ಬದಲಿಸಿ ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟರು.

"ಇದನ್ನ ಓದಿ ಹೇಳ ನೋಡೂಣು."

ಅವನು ಚೀಟಿ ನೋಡಿದ. "ಬೆಳಕಿಗೆ ಕಣ್ಣ ಉರಿಯಾಕತ್ತಾವ್ರಿ ಮಾಸ್ತರ, ನಾಳಿ ಹೇಳತೇನಿ."

"ಎರಡ ಸಾಲ ಅದಾವಲಾ. ಈಗ ಓದ."

ಅವನು ಸುಮ್ಮನೆ ನಿಂತ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಆಗ ನಾನು, ಯಾರೂ ಕೇಳದಿದ್ದರೂ, ಎದ್ದು ನಿಂತು ಹೇಳಿದೆ: "ಕಾಕಾಗ ಓದಾಕ ಬರೂದಿಲ್ರಿ. ದಿನಾ ನಾನ ಓದಿ ಹೇಳತೇನಿ."

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಅಂದರು: "ಮತ್ತ ಇಷ್ಟ ದಿನಾ ಆ ವಹಿಯೊಳಗ ಏನ ನೋಡತಿದ್ದ್ಯೋ, ಚಿತ್ರಾನ?" ಎಲ್ಲರೂ ನಕ್ಕರು. ನಗುವವರಲ್ಲಿ ನಾಲ್ಕು ಜನರಿಗಾದರೂ ಸಹಿ ಬಿಟ್ಟರೆ ಏನೂ ಬರುತ್ತಿರಲಿಲ್ಲ. ನಾನೂ ನಕ್ಕೆ. ಅವನು ಚೀಟಿಯನ್ನು ಮಡಿಚಿ ಪೇಟಿಯ ಮೇಲಿಟ್ಟು ಹೊರಗೆ ಹೋದ.

ಮರುದಿನ ಕೆರೆಯ ದಂಡೆಯ ಮೇಲೆ ಅವನಿರಲಿಲ್ಲ. ರಾತ್ರಿ ತಾಲೀಮಿಗೆ ಬಂದ, ವಹಿ ತರಲಿಲ್ಲ. ಬದಲಾದ ಮಾತನ್ನೂ ಸರಿಯಾಗಿ ಹೇಳಿದ. ಯಾರಿಂದ ಓದಿಸಿಕೊಂಡನೋ ನನಗೆ ತಿಳಿಯಲಿಲ್ಲ. ಜಾತ್ರೆಯ ರಾತ್ರಿ ಅವನು ಆಡಿದ ಆಟವನ್ನು ಊರು ಬಹಳ ವರ್ಷ ನೆನೆಯಿತು. ನಾಟಕದ ನಡುವೆ ಆಹೇರಿ ಕೊಡಲು ಬಂದವರನ್ನು ನಿಲ್ಲಿಸಿ ಮುಂದೆ ಸಾಗಬೇಕಾಯಿತು, ಅಷ್ಟು ಜನ. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಾನು ಅವನ ಮಾತಿನ ಸಾಲಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ. ಒಂದು ಕಡೆಯಾದರೂ ತಡವರಿಸಲಿ, ಒಂದು ಮಾತು ಎತ್ತಿಕೊಡುತ್ತೇನೆ, ನಮ್ಮಿಬ್ಬರ ನಡುವೆ ಎಲ್ಲ ಸರಿಹೋಗುತ್ತದೆ ಎಂದು. ಅವನು ತಡವರಿಸಲಿಲ್ಲ. ಬೆಳಗಿನ ಜಾವದ ತನಕ ಒಮ್ಮೆಯೂ ನಾನಿದ್ದ ಕಡೆ ನೋಡಲಿಲ್ಲ.

ಆಮೇಲೆ ಅವನು ಪಾತ್ರ ಮಾಡಲಿಲ್ಲ. ಎಷ್ಟು ಕೇಳಿಕೊಂಡರೂ "ವಯಸ್ಸಾತು ಬಿಡ್ರಿ" ಎನ್ನುತ್ತಿದ್ದ. ಆಗ ಅವನಿಗೆ ಮೂವತ್ತೈದು ಇರಬಹುದು. ತಾಲೀಮಿಗೆ ಬಂದು ಗ್ಯಾಸಬತ್ತಿಗೆ ಪಂಪು ಹೊಡೆದು, ಮೂಲೆಯಲ್ಲಿ ಕೂಡುತ್ತಿದ್ದ.

ನಾನು ಧಾರವಾಡಕ್ಕೆ ಕಾಲೇಜಿಗೆ ಹೋದೆ. ಊರಿಗೆ ಟಿ.ವಿ. ಬಂತು. ತಾಲೀಮು ಎರಡು ತಿಂಗಳಿದ್ದದ್ದು ಹದಿನೈದು ದಿನಕ್ಕಿಳಿಯಿತು. ನಾಟಕಗಳು ನಿಂತಿಲ್ಲ, ಈಗಲೂ ನಮ್ಮ ಕಡೆ ಜಾತ್ರೆಗಳಲ್ಲಿ ನಡೆಯುತ್ತವೆ. ಹ್ಯಾಂಡಬಿಲ್ ಮೊಬೈಲಿಗೆ ಬರುತ್ತದೆ. ಪಾತ್ರದ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಂಡು ಟ್ರ್ಯಾಕ್ಟರ್ ಹೊಡೆಯುತ್ತ ಕೇಳುವ ಹುಡುಗರನ್ನು ನಾನೇ ಕಂಡಿದ್ದೇನೆ. ಅದನ್ನು ಕಂಡಾಗ, ಕೆರೆಯ ದಂಡೆಯ ಮೇಲೆ ನಾನು ಮಾಡುತ್ತಿದ್ದದ್ದೂ ಅದೇ ಕೆಲಸವಲ್ಲವೇ ಅನ್ನಿಸಿತು.

ನೌಕರಿ ಸಿಕ್ಕು ಮೂರ್ನಾಲ್ಕು ವರ್ಷಕ್ಕೆ, ಒಂದು ದಿನ ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಅವನು ಸಿಕ್ಕ. ಕೂದಲು ಅರ್ಧ ಬೆಳ್ಳಗಾಗಿತ್ತು. "ಮಾಸ್ತರ ಆದ್ಯಂತಲಾ, ಚಲೋ ಆತು" ಎಂದ. ಹುಬ್ಬಳ್ಳಿ ಗಾಡಿಗೆ ಹೊತ್ತಿತ್ತು. ಎರಡು ಕಪ್ಪು ಚಹಾ ತಂದೆ. ಇಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನು ತಡೆತಡೆದು ಹೇಳಿದೆ. ಅವನು ಚಹಾ ಕುಡಿಯುತ್ತ ಕೇಳಿದ. ಮರೆತಿದ್ದೇನೆ ಎನ್ನಲಿಲ್ಲ.

"ನೀ ಸುಳ್ಳೇನ ಹೇಳಿದ್ದಿಲ್ಲ ಬಿಡ ತಮ್ಮಾ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಅಷ್ಟ ಮಂದಿಯೊಳಗ ಹೇಳಬಾರದಿತ್ತು" ಎಂದ.

ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಗಾಡಿ ಬಂತು. ಕೆಲವು ವರ್ಷಗಳ ನಂತರ ಅವನು ತೀರಿಕೊಂಡ ಸುದ್ದಿ ಊರಿನಿಂದ ಬಂತು.

ಈಗ ನಮ್ಮ ಸೆಮ್ಮೆಲ್‌ವೈಸನ ಕಡೆಗೆ ಬರೋಣ. ಅವನ ತಂದೆ ಬರುವ ಹಿಂದಿನ ದಿನ ತಾಲೀಮಿನಲ್ಲಿ ಒಂದು ಸಣ್ಣ ಸಂಗತಿ ನಡೆದಿತ್ತು. ನಾನು ಒಂದು ಮಾತನ್ನು ಬದಲಿಸಿ ಹಾಳೆಯಲ್ಲಿ ಬರೆದು ಅವನಿಗೆ ಕೊಟ್ಟೆ. 'ಓದು' ಎನ್ನುವಷ್ಟರಲ್ಲಿ ಅವನ ಮುಖ ನೋಡಿದೆ. ಆ ಮುಖವನ್ನು ನಾನು ಮೊದಲು ಕಂಡಿದ್ದೆ. ಕೂಡಲೇ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು, "ಇರಲಿ, ನಾನೇ ಹೇಳತೇನಿ, ಎಲ್ಲಾರೂ ಕೇಳ್ರಿ" ಎಂದು ಎರಡು ಸಲ ಓದಿದೆ. ಅವನು ಮೂರನೆಯ ಸಲ ತಾನೇ ಹೇಳಿದ.

ಶಾಲೆ ಬಿಟ್ಟ ಮೇಲೆ ಪ್ರಯೋಗಶಾಲೆಯಲ್ಲಿ ಅವನೊಬ್ಬನನ್ನೇ ಕೂಡಿಸಿಕೊಂಡೆ. ಬಹಳ ಹೊತ್ತಿಗೆ ಬಾಯಿ ಬಿಟ್ಟ: "ಅಕ್ಷರಾ ಗೊತ್ತದಾವ್ರಿ ಸರ. ಒತ್ತಕ್ಷರ ಬಂದ್ರ ಗೊಂದಲಾ ಆಕ್ಕೈತ್ರಿ." ಏಳು ವರ್ಷ ಶಾಲೆಯಲ್ಲಿ ಪಕ್ಕದವನು ಓದುವುದನ್ನು ಕೇಳಿ, ಬಾಯಿಪಾಠ ಮಾಡಿ, ಪುಸ್ತಕ ಹಿಡಿದು ಹಾಳೆ ತಿರುವಿ ಅವನು ದಾಟಿ ಬಂದಿದ್ದ. ನಾವು ಮಾಸ್ತರರು ಯಾರೂ ನೋಡಿರಲಿಲ್ಲ. ದಡ್ಡ ಎಂದು ಬರೆದಿಟ್ಟುಕೊಂಡಿದ್ದೆವು. ಮೂರು ದಿನದಲ್ಲಿ ಇಡೀ ನಾಟಕ ಬಾಯಿಪಾಠ ಮಾಡುವವನು ದಡ್ಡ ಹೇಗಾದಾನು?

ಮರುದಿನ ತಂದೆ ಬಂದಾಗ ಅವರನ್ನೂ ಒಬ್ಬರನ್ನೇ ಕೂಡಿಸಿ ಹೇಳಿದೆ. "ಹುಡುಗನ ನೆನಪಿನ ಶಕ್ತಿ ಭಾಳ ದೊಡ್ಡದೈತ್ರಿ. ಓದೂದು ಹಿಂದ ಬಿದ್ದೈತಿ. ನಾಟಕಾ ಬಿಡಿಸಿದ್ರ ಇದ್ದ ಒಂದೂ ಹೊಕ್ಕೈತಿ. ಎರಡ ತಿಂಗಳ ನನಗ ಕೊಡ್ರಿ." ಅವರು ಟವೆಲ್ಲಿನ ತುದಿ ತಿರುವುತ್ತ ಕುಳಿತರು. ಕೊನೆಗೆ, "ನನಗೂ ಸಹಿ ಬಿಟ್ರ ಏನೂ ಬರೂದಿಲ್ರಿ ಸರ. ಹಿಂಗಾಗಿ ನನಗ ಗೊತ್ತಾಗಲಿಲ್ಲ" ಎಂದರು. ಹೋಗುವಾಗ, ಮನೆಯಲ್ಲಿ ಹುಡುಗನಿಗೆ ಏನೂ ಅನ್ನುವುದಿಲ್ಲ ಎಂದು ತಾವಾಗಿಯೇ ಹೇಳಿದರು.

ನಾನು ಮಾಡಿದ್ದು ಬಹಳ ಸಾದಾ ಕೆಲಸ. ದಿನಾಲು ಅರ್ಧ ತಾಸು, ಅವನ ಕೈಗೆ ನಾಟಕದ ಪ್ರತಿ ಕೊಟ್ಟು, ಪ್ರತಿ ಶಬ್ದದ ಕೆಳಗೆ ಬೆರಳಿಟ್ಟು ಓದಿಸಿದೆ. ಮಾತು ಅವನಿಗೆ ಮೊದಲೇ ಗೊತ್ತು. ಗೊತ್ತಿರುವ ಮಾತು ಕಾಗದದ ಮೇಲೆ ಹೇಗೆ ಕಾಣುತ್ತದೆ ಎಂದು ಗುರುತಿಸಿದರೆ ಆಯಿತು. ಹದಿನೈದು ದಿನ ಕಳೆದ ಮೇಲೆ, ಅವನ ಪಾತ್ರ ಇಲ್ಲದ ದೃಶ್ಯಗಳಲ್ಲಿ ಉಳಿದವರಿಗೆ ಮಾತು ಎತ್ತಿಕೊಡುವ ಕೆಲಸವನ್ನು ಅವನಿಗೇ ವಹಿಸಿದೆ. ಪುಸ್ತಕ ನೋಡದೆಯೂ ಅವನು ಎತ್ತಿಕೊಡಬಲ್ಲ, ಅದು ಬೇರೆ ಮಾತು. ಆದರೆ ಪುಸ್ತಕ ಹಿಡಿದು ಕೂಡುವುದು ಅವನಿಗೆ ನಾಚಿಕೆಯ ವಿಷಯವಾಗಿ ಉಳಿಯಲಿಲ್ಲ.

ನಮ್ಮ ನಾಟಕ ಸ್ಪರ್ಧೆಯಲ್ಲಿ ಗೆಲ್ಲಲಿಲ್ಲ. ತಾಲ್ಲೂಕು ಮಟ್ಟದಲ್ಲಿಯೇ ನಿಂತಿತು. ಎರಡು ತಿಂಗಳಲ್ಲಿ ಹುಡುಗ ಪಂಡಿತನೂ ಆಗಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನ ಗುಣ ಹೇಳಿಕೊಳ್ಳುವಂಥವೇನಲ್ಲ. ಆದರೆ ಡಿಸೆಂಬರ್ ಹೊತ್ತಿಗೆ ವಿಜ್ಞಾನದ ಪುಸ್ತಕದ ಒಂದು ಪುಟವನ್ನು ಯಾರ ಸಹಾಯವೂ ಇಲ್ಲದೆ ನಿಧಾನವಾಗಿ ಓದತೊಡಗಿದ.

ಪಾಲಕರಿಗೆ ಒಂದು ಮಾತು. ನಿಮ್ಮ ಮಗು ಓದಿನಲ್ಲಿ ಹಿಂದಿದೆ ಎಂದಾಗ, ಅದಕ್ಕೆ ಚೆನ್ನಾಗಿ ಬರುವ ಒಂದು ಕೆಲಸವನ್ನು ಮೊದಲು ಕಿತ್ತುಕೊಳ್ಳಬೇಡಿ. ಓದಿನ ದಾರಿ ಅದರ ಒಳಗಿನಿಂದಲೇ ಇದ್ದರೂ ಇರಬಹುದು. ಮಕ್ಕಳಿಗೂ ಒಂದು ಮಾತು. ಪಕ್ಕದವನಿಗೆ ಬಾರದ್ದು ನಿಮಗೆ ತಿಳಿದರೆ, ಅದನ್ನು ಅವನ ಕಿವಿಯಲ್ಲಿ ಹೇಳಿರಿ. ನಾಲ್ಕು ಜನರ ಮುಂದೆ ಬೇಡ. ಹದಿಮೂರನೆಯ ವಯಸ್ಸಿನಲ್ಲಿ ನನಗೆ ಯಾರಾದರೂ ಇದನ್ನು ಹೇಳಿದ್ದರೆ ನಮ್ಮೂರು ಒಬ್ಬ ನಟನನ್ನು ಕಳೆದುಕೊಳ್ಳುತ್ತಿರಲಿಲ್ಲ.

ಸಂಕ್ರಮಣದ ಸೂಟಿ ಮುಗಿದ ಮೇಲೆ ಆ ಹುಡುಗ ಬಂದು, "ಸರ, ಬ್ಯಾರೇ ನಾಟಕದ ಪುಸ್ತಕ ಐತೇನ್ರಿ?" ಎಂದು ಕೇಳಿದ. ಮನೆಯಲ್ಲಿ ಟ್ರಂಕಿನ ತಳದಲ್ಲಿದ್ದ ಹಳೆಯ 'ರಕ್ತರಾತ್ರಿ'ಯನ್ನು ತಂದುಕೊಟ್ಟೆ. ರಟ್ಟು ಹೋಗಿದೆ, ಹಾಳೆಗಳ ಮೇಲೆ ಸೀಮೆಎಣ್ಣೆಯ ಕಲೆ. ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಪಾತ್ರಗಳ ಹೆಸರನ್ನು ಓದತೊಡಗಿದ. ಅಶ್ವತ್ಥಾಮ ಎಂಬಲ್ಲಿಗೆ ಬಂದಾಗ ನಿಂತ. ಒಂದರ ಹಿಂದೆ ಒಂದು ಎರಡು ಒತ್ತಕ್ಷರ. ಬೆರಳು ಅಲ್ಲಿಯೇ ಇತ್ತು. ನನಗೆ ಬಾಯಿಗೆ ಬಂದಿತ್ತು, ಆದರೆ ಎತ್ತಿಕೊಡಲಿಲ್ಲ.

ಸ್ವಲ್ಪ ಹೊತ್ತಿಗೆ ಅವನೇ ಓದಿದ.